ಕೌದಿಯ ಕಾಣಿಕೆ

ತನಗೆ ಉಪಯೋಗವಿಲ್ಲದ್ದನ್ನು ಇನ್ನೊಬ್ಬನಿಗೆ ಕೊಟ್ಟರೆ ಅದು ಕಾಣಿಕೆ ಅನ್ನಿಸಿಕೊಳ್ಳುವದೋ? ಇಲ್ಲವೆಂದು ನಮ್ಮ ಮನಸ್ಸು ಕೂಡಲೇ ಉತ್ತರ ಕೊಡುವದು. ದಾವೀದ ಅರಸನು ಅರೌನನ ಕಣದಲ್ಲಿ ನಿಂತು, ಖರ್ಚಿಲ್ಲದೆ ಕೈಗೆ ಬಂದದ್ದನ್ನು ದೇವರಿಗೆ ಅರ್ಪಿಸುವದಕ್ಕೆ ಒಪ್ಪದೆ, ಬೆಲೆ ಕೊಟ್ಟು ಕಣವನ್ನೂ ಎತ್ತುಗಳನ್ನೂ ಕೊಂಡುಕೊಂಡ ವೃತ್ತಾಂತವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಹಳಸಿದ ಅನ್ನವನ್ನು ಭಿಕ್ಷುಕನ ತಟ್ಟೆಗೆ ಸುರಿದವನನ್ನು ಧರ್ಮಿಷ್ಠನೆಂದು ಯಾರೂ ಕರೆಯುವದಿಲ್ಲ. ಆದರೂ ನಮ್ಮ ಹಳ್ಳಿಯ ಮನೆಗಳಲ್ಲಿ ಒಂದು ಕಾಣಿಕೆಯುಂಟು. ಅದರಲ್ಲಿ ಹೊಸದೆಂಬದು ನೂಲು ಮಾತ್ರವೇ. ಮಿಕ್ಕದ್ದೆಲ್ಲಾ ಸವೆದದ್ದು, ಹರಿದದ್ದು, ಬಣ್ಣಗೆಟ್ಟದ್ದು. ಅದೇ ಕೌದಿ. ಅದನ್ನು ಕೊಟ್ಟವರು ನಾಚಿಕೊಂಡದ್ದನ್ನು ನಾನು ಕಾಣೆನು. ತೆಗೆದುಕೊಂಡ ನಾನು ಮಾತ್ರ ಒಮ್ಮೆ ನಾಚಿಕೊಂಡೆನು. ಆ ಸಂಗತಿಯನ್ನು ಹೇಳುವದಕ್ಕೋಸ್ಕರವೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಆ ಕೆಲಸದ ವಿಷಯವಾಗಿ ಎರಡು ಮಾತು. ಗೊರೂರಿನ ಸೀಮೆಯಲ್ಲಿ, ಹೇಮಾವತಿಯ ಎರಡು ದಡಗಳಲ್ಲಿಯೂ, ಮಾರ್ಗಶಿರ ಪುಷ್ಯಮಾಸಗಳ ಚಳಿಯು ಸಾಧಾರಣವಾದದ್ದಲ್ಲ. ಬೆಳಿಗ್ಗೆ ಹೊಳೆಯ ಮೇಲಿನ ಮಂಜು ಏರಿ ಬಂದು ಮನೆಯ ಹಂಚಿನ ಸಂದಿನಿಂದ ಒಳಗೆ ಇಳಿಯುವದು. ಕಂಬಳಿಯು ಕುರಿಯಿದ್ದವರ ಸೊತ್ತು, ಇಲ್ಲವೆ ಕಾಸಿದ್ದವರ ಸೊತ್ತು. ಉಳಿದವರಿಗೆ ಕೌದಿಯೇ ಗತಿ. ಕೆಲವರು ಅದನ್ನು ಬೊಂತೆ ಎಂದೂ ಕರೆಯುವರು. ಸವೆದ ಸೀರೆಗಳನ್ನೂ ಪಂಚೆಗಳನ್ನೂ ಚೆನ್ನಾಗಿ ಒಗೆದು ಒಣಗಿಸಿ, ಜಗಲಿಯ ಮೇಲೆ ಒಂದರ ಮೇಲೊಂದು ಸುಕ್ಕಿಲ್ಲದೆ ಹಾಸಿ, ಗಟ್ಟಿಯಾದ ಸೀರೆಯನ್ನು ಹೊರಕ್ಕೂ ಜೀರ್ಣವಾದದ್ದನ್ನು ಒಳಕ್ಕೂ ಇಟ್ಟು, ಅಂಚಿನಿಂದ ಹೊಲಿಗೆಯನ್ನು ಹಿಡಿಯುವರು. ಸೂಜಿಯು ಕೆಳಗಿಳಿದು ಮೇಲೇಳುವ ಸರಳವಾದ ಹೊಲಿಗೆ. ಆದರೆ ಸಾಲಿನ ಪಕ್ಕದಲ್ಲಿ ಸಾಲು, ಬೆರಳಗಲಕ್ಕಿಂತಲೂ ಹತ್ತಿರ. ತೇಪೆಗಳನ್ನು ಚೌಕವಾಗಿಯೂ ಮೂರು ಮೂಲೆಯಾಗಿಯೂ ಕತ್ತರಿಸಿ ಮೇಲೆ ಕೂಡಿಸುವರು. ಬಟ್ಟೆಯು ಹಳೆಯದಾಗಿರುವದು ಬಡತನದಿಂದ ಮಾತ್ರವಲ್ಲ, ಹಾಗಿರಬೇಕಾದದ್ದೂ ಅವಶ್ಯವೇ. ಯಾಕಂದರೆ ಹೊಸ ಬಟ್ಟೆಯಲ್ಲಿ ಗಂಜಿಯಿರುವದು, ಒಗೆದಾಗ ಅದು ಮುದುಡಿ ಹೊಲಿಗೆಯನ್ನು ಎಳೆಯುವದು, ಬಣ್ಣ ಬಿಡುವದು. ನೂರು ಸಾರಿ ಒಗೆತಕ್ಕೆ ಸಿಕ್ಕಿದ ಸೀರೆಯು ಇನ್ನು ಮುದುಡುವದೂ ಇಲ್ಲ, ಎಳೆಗೂಸಿನ ಮೈಯನ್ನು ಒತ್ತುವದೂ ಇಲ್ಲ. ಪದರ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿಯನ್ನು ತಡೆಯುವದು. ಆದಕಾರಣ ದಪ್ಪವಾದ ಒಂದೇ ಬಟ್ಟೆಗಿಂತ ತೆಳುವಾದ ಐದಾರು ಬಟ್ಟೆಗಳು ಹೆಚ್ಚು ಬೆಚ್ಚಗಿರುತ್ತವೆ.

ಹೀಗೆ ಹೊಲಿಯುವದು ನಮ್ಮ ಸೀಮೆಯಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಬಂಗಾಳದ ಸ್ತ್ರೀಯರ ಕಾಂಥಾ ಇದರ ಅಕ್ಕನೋ ತಂಗಿಯೋ ಆಗಿದೆ. ಉತ್ತರಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಿನಂಚಿನಲ್ಲಿ ವಾಸಿಸುವ ಸಿದ್ದಿಯರು, ಅಂದರೆ ಆಫ್ರಿಕಾ ಖಂಡದಿಂದ ತರಲ್ಪಟ್ಟವರ ಸಂತತಿಯವರು, ಕವಂದಿಯೆಂಬ ಹೆಸರಿನಿಂದ ಇದನ್ನು ಹೊಲಿಯುವರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಹೊಲಿಗೆ ಮಾತ್ರ ಎಲ್ಲರಿಗೂ ಒಂದೇ. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸಿದ ಮೇಲೆ ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಕೂಡಿಸುವರು. ಅವನ್ನು ಫೂಲವೆನ್ನುವರು. ಚಳಿಯನ್ನು ತಡೆಯುವದಕ್ಕೆ ಆ ಹೂಗಳಿಂದ ಏನೂ ಪ್ರಯೋಜನವಿಲ್ಲ. ಆದರೆ ಅವಿಲ್ಲದೆ ಕವಂದಿಯು ಪೂರ್ತಿಯಾಗದು. ಬರಿಯ ಬಡತನವೇ ಆ ಸೂಜಿಯನ್ನು ಓಡಿಸಿದ್ದಾದರೆ ಈ ನಾಲ್ಕು ಹೂಗಳು ಎಲ್ಲಿಂದ ಬಂದವು?

ನನ್ನ ಸಂಗತಿಗೆ ಬರುವೆನು. ನನ್ನ ದೊಡ್ಡಮ್ಮನು, ಅಂದರೆ ತಾಯಿಯ ಅಕ್ಕನು, ಹೊಳೆಯ ಬದಿಯ ಒಂದು ಹಳ್ಳಿಯಲ್ಲಿದ್ದಳು. ನಮ್ಮ ಬಳಗದಲ್ಲಿ ಕೂಸು ಹುಟ್ಟಿದರೂ ಮದುವೆಯಾದರೂ ಯಾರಾದರೂ ದೂರದ ಊರಿಗೆ ಹೋದರೂ ಅವಳ ಕೌದಿಯು ಬರುತ್ತಿತ್ತು. ನಾನು ಓದಿಗಾಗಿ ಪಟ್ಟಣದ ಒಂದು ವಿದ್ಯಾರ್ಥಿನಿಲಯಕ್ಕೆ ಹೊರಟಾಗ ನನಗೂ ಒಂದು ಬಂತು. ಅದರಲ್ಲಿ ನನ್ನ ತಾಯಿಯ ಎರಡು ಸೀರೆಗಳಿದ್ದವು, ದೊಡ್ಡಪ್ಪನ ಪಂಚೆಯಿತ್ತು, ನನ್ನದೇ ಒಂದು ಹಳೆಯ ಅಂಗಿಯ ನೀಲಿ ಚೂರುಗಳಿದ್ದವು. ಪಟ್ಟಣದಲ್ಲಿ ನನ್ನ ಸಂಗಡಿಗರ ಹಾಸಿಗೆಗಳ ಮೇಲೆ ಅಂಗಡಿಯ ರಗ್ಗುಗಳನ್ನು ನೋಡಿದೆನು. ಒಬ್ಬನು ನನ್ನ ಕೌದಿಯನ್ನು ಎತ್ತಿ ಹಿಡಿದು, ಎಷ್ಟು ಜನರ ಬಟ್ಟೆ ಇದರಲ್ಲಿ ಸತ್ತಿದೆ ಎಂದು ಕೇಳಿದನು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಮರುದಿನ ಅದು ಪೆಟ್ಟಿಗೆಯ ತಳಕ್ಕೆ ಹೋಯಿತು. ಕೆಲವು ದಿವಸಗಳಾದ ಮೇಲೆ, ಬಾಗಿಲ ಬಳಿ ರಾತ್ರಿಯೆಲ್ಲಾ ಕುಳಿತಿರುವ ಮುದುಕನಾದ ಕಾವಲುಗಾರನಿಗೆ ಅದನ್ನು ಕೊಟ್ಟುಬಿಟ್ಟೆನು. ಅವನು ಎರಡು ಕೈಗಳಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡನು. ನಾನು ಆ ಸಾಯಂಕಾಲ, ಒಳ್ಳೇದನ್ನು ಮಾಡಿದೆನೆಂದು ತೃಪ್ತಿಪಟ್ಟುಕೊಂಡೆನು.

ಈಗ ವಾಚಕರು ನ್ಯಾಯ ತೀರಿಸಲಿ. ಚಳಿಯಲ್ಲಿ ನಡುಗುವ ಮುದುಕನಿಗೆ ಹೊದಿಕೆ ಸಿಕ್ಕಿತು, ನನಗೆ ನಷ್ಟವಾಗಲಿಲ್ಲ, ದೊಡ್ಡಮ್ಮನಿಗೆ ತಿಳಿಯಲಿಲ್ಲ. ಹಾಗಾದರೆ ತಪ್ಪೆಲ್ಲಿ? ಬಹುಕಾಲ ನಾನು ಈ ವಾದವನ್ನೇ ನನಗೆ ಹೇಳಿಕೊಂಡೆನು. ಆದರೆ ಅದರಲ್ಲಿ ಒಂದು ಬಿರುಕುಂಟು. ದೊಡ್ಡಮ್ಮನು ಎಸೆಯತಕ್ಕ ಬಟ್ಟೆಯನ್ನು ತೆಗೆದುಕೊಂಡು, ತನ್ನ ಮಧ್ಯಾಹ್ನಗಳನ್ನೂ ಕಣ್ಣಿನ ಬೆಳಕನ್ನೂ ಅದಕ್ಕೆ ಸೇರಿಸಿ, ಕಾಣಿಕೆಯಾಗಿ ಮಾಡಿದಳು. ನಾನು ಕಾಣಿಕೆಯನ್ನು ತೆಗೆದುಕೊಂಡು, ನಾಚಿಕೆಯನ್ನು ಸೇರಿಸಿ, ಎಸೆಯತಕ್ಕ ಬಟ್ಟೆಯಾಗಿ ಮಾಡಿದೆನು. ಮುದುಕನ ಕೈಗೆ ಸೇರಿದ್ದು ಅದೇ ಕೌದಿ, ಅದೇ ಬೆಚ್ಚಗೆ. ಕೊಟ್ಟದ್ದು ಮಾತ್ರ ದಾನವಲ್ಲ, ವಿಸರ್ಜನೆ. ಅವನಿಗೆ ಚಳಿಯೆಂಬದು ನನ್ನ ಮನಸ್ಸಿಗೆ ಆ ಮೊದಲು ಒಂದು ರಾತ್ರಿಯೂ ಬಂದಿರಲಿಲ್ಲವೆಂಬದೇ ಅದಕ್ಕೆ ಸಾಕ್ಷಿ. ಬಂದಿದ್ದರೆ ನನ್ನ ಹೊಸ ರಗ್ಗನ್ನಾದರೂ ಕೊಡಬಹುದಿತ್ತು. ಹೀಗಿರುವದರಿಂದ ಮೊದಲು ಹೇಳಿದ ಪ್ರಶ್ನೆಯು ತಿರುಗಿ ನಿಲ್ಲುವದು. ಬಟ್ಟೆಯು ಹಳೆಯದೋ ಹೊಸದೋ ಎಂಬದರಿಂದ ಕಾಣಿಕೆಯು ನಿಶ್ಚಯವಾಗುವದಿಲ್ಲ. ದಾವೀದನು ಕೊಟ್ಟ ಬೆಲೆಯು ಬೆಳ್ಳಿಯಲ್ಲಿತ್ತು, ದೊಡ್ಡಮ್ಮನ ಬೆಲೆಯು ದಿವಸಗಳಲ್ಲಿತ್ತು.

ಆದರೆ ಇಲ್ಲಿ ಬೇಗನೆ ಸಂತೋಷಪಡಬಾರದು. ಕೈಯಿಂದ ಮಾಡಿದ್ದೆಲ್ಲಾ ಪವಿತ್ರ, ಅಂಗಡಿಯದೆಲ್ಲಾ ಪೊಳ್ಳು ಎಂದು ಹೊಗಳುವವರಲ್ಲಿ ಬಹುಮಂದಿ ಸೂಜಿ ಹಿಡಿಯದ ಗಂಡಸರೇ. ನಾನೂ ಅವರಲ್ಲೊಬ್ಬನು. ಹಗಲೆಲ್ಲಾ ಗದ್ದೆಯಲ್ಲಿ ಬಗ್ಗಿ, ರಾತ್ರಿ ಬುಡ್ಡಿದೀಪದ ಮುಂದೆ ಅತ್ತೆಯ ಬಳಗಕ್ಕಾಗಿ ಹೊಲಿದು ಕಣ್ಣು ಕಳಕೊಂಡ ಸೊಸೆಯರು ಎಷ್ಟು ಮಂದಿಯಿಲ್ಲ? ಒಲ್ಲೆನೆನ್ನುವದಕ್ಕೆ ಅಧಿಕಾರವಿಲ್ಲದವಳು ಕೊಟ್ಟದ್ದು ಕಾಣಿಕೆಯಲ್ಲ, ಕಂದಾಯ. ಇನ್ನೊಂದುಂಟು. ಉತ್ತರದ ಜಿಲ್ಲೆಗಳಲ್ಲಿ ಅಲೆಮಾರಿ ಕುಟುಂಬಗಳ ಸ್ತ್ರೀಯರು ಮನೆಮನೆಗೆ ಬಂದು ಕೂಲಿಗಾಗಿ ಕೌದಿ ಹೊಲಿದುಕೊಡುವ ರೂಢಿಯಿದೆ. ತನ್ನ ಕೈಯ ಹೊಲಿಗೆಯನ್ನು ಬೆಲೆಯಿಲ್ಲದ ಪ್ರೀತಿಯೆಂದು ಎಣಿಸುವ ಅದೇ ಗೃಹಿಣಿಯು, ಆ ಬಡವಳ ಹೊಲಿಗೆಗೆ ಬಂದಾಗ, ಬಟ್ಟೆ ನಮ್ಮದೇ ತಾನೆ ಎಂದು ಚೌಕಾಸಿ ಮಾಡುವಳು. ಬೆಲೆ ಕಟ್ಟಲಾರದ್ದೆಂಬ ಮಾತು ಬೆಲೆ ಕೊಡದಿರುವದಕ್ಕೆ ನೆಪವಾಗಬಾರದು.

ಕೊಟ್ಟದ್ದನ್ನು ಬಿಡದೆ ಹಿಡಿದುಕೊಂಡಿರುವವರೂ ಇದ್ದಾರೆ. ನನಗೆ ಪರಿಚಯವಾದ ಒಬ್ಬ ಹಿರಿಯಳು ತಾನು ಹೊಲಿದು ಕೊಟ್ಟ ಮನೆಗಳಿಗೆ ಹೋದಾಗಲೆಲ್ಲಾ ಮೊದಲು ಒಳಕೋಣೆಯನ್ನು ಇಣಿಕಿ ನೋಡುವಳು. ಕೌದಿಯು ಹಾಸಿರದಿದ್ದರೆ, ನಾಲ್ಕು ತಿಂಗಳು ಬೆರಳು ಚುಚ್ಚಿಸಿಕೊಂಡೆನು ಎಂಬ ಮಾತನ್ನು ಕಾಫಿ ಮುಗಿಯುವದರೊಳಗೆ ಹೇಗಾದರೂ ಹೇಳಿಬಿಡುವಳು. ಆದಕಾರಣ ಆ ಮನೆಗಳಲ್ಲಿ ಅವಳು ಬರುವ ಸುದ್ದಿಯಾದ ಕೂಡಲೇ ಪೆಟ್ಟಿಗೆಯಿಂದ ಕೌದಿಯನ್ನು ತೆಗೆಯುವರು, ಹೋದ ಮೇಲೆ ಮಡಿಸಿಡುವರು. ಹೊಲಿಗೆಗಳನ್ನು ಎಣಿಸಿ ಕೊಟ್ಟದ್ದು ಸಾಲಪತ್ರವೇ ಹೊರತು ಬೇರಲ್ಲ. ಯೊಪ್ಪ ಪಟ್ಟಣದ ತಬಿಥಾ ಸತ್ತಾಗ, ಅವಳು ಮಾಡಿಕೊಟ್ಟ ವಸ್ತ್ರಗಳನ್ನು ಪೇತ್ರನಿಗೆ ತೋರಿಸಿದವರು ವಿಧವೆಯರು. ಅವಳು ತಾನೇ ತೋರಿಸಿದಳೆಂದು ಎಲ್ಲಿಯೂ ಇಲ್ಲ. ಮತ್ತು ಆ ವಿಧವೆಯರು ಅವಳ ಬಂಧುಗಳೆಂದೂ ಹೇಳಿಲ್ಲ. ಬಳಗಕ್ಕೆ ಮಾತ್ರ ಹೊಲಿಯುವ ನಮ್ಮ ಪದ್ಧತಿಗೆ ಇದು ಸ್ವಲ್ಪ ಚುಚ್ಚುವ ಮಾತೇ.

ಹೊಲಿಗೆಯ ಲೆಕ್ಕವು ಬೇರೆ ರೀತಿಯಲ್ಲಿಯೂ ಆಗಬಹುದು. ಸುಧಾ ಮೂರ್ತಿಯವರು 2017ರಲ್ಲಿ ಪ್ರಕಟವಾದ ‘ತ್ರೀ ಥೌಸಂಡ್ ಸ್ಟಿಚಸ್’ ಎಂಬ ಪುಸ್ತಕದಲ್ಲಿ ತಮಗೆ ದೊರೆತ ಒಂದು ಕಾಣಿಕೆಯ ವಿಷಯವಾಗಿ ಬರೆದಿದ್ದಾರೆ. ದೇವದಾಸಿ ಪದ್ಧತಿಯಿಂದ ಬಿಡುಗಡೆ ಹೊಂದಿದ ಮೂರು ಸಾವಿರ ಸ್ತ್ರೀಯರು ಒಬ್ಬೊಬ್ಬಳು ಒಂದೊಂದು ಹೊಲಿಗೆಯನ್ನು ಹಾಕಿ ಸಿದ್ಧಮಾಡಿದ ಹಾಸು ಅದು. ಒಂದೇ ಹೊಲಿಗೆಗೆ ಎಷ್ಟು ಹೊತ್ತು ಬೇಕು? ಉಸಿರು ಎಳೆದು ಬಿಡುವಷ್ಟು. ದೊಡ್ಡಮ್ಮನ ತಿಂಗಳುಗಳ ಮುಂದೆ ಅದು ಏನೂ ಅಲ್ಲವೆಂದು ಹೇಳುವದಕ್ಕೆ ನನಗೆ ಬಾಯಿ ಬರುವದಿಲ್ಲ. ದೇಹವನ್ನೇ ಇತರರು ಕೊಟ್ಟುಬಿಟ್ಟಿದ್ದ ಸ್ತ್ರೀಯು, ತನ್ನ ಇಷ್ಟದಿಂದ ತಾನೇ ಕೊಟ್ಟ ಹೊಲಿಗೆ ಅದು. ಆದರೆ ಹೊಲಿಗೆ ಕೂಡಿದಲ್ಲೆಲ್ಲಾ ಒಳ್ಳೇದೇ ಕೂಡುವದೆಂದು ಹೇಳಲಾರೆವು. ಜಪಾನ್ ದೇಶದಲ್ಲಿಯೂ ಸಾವಿರ ಸ್ತ್ರೀಯರಿಂದ ಒಂದೊಂದು ಹೊಲಿಗೆ ಹಾಕಿಸಿದ ಸೊಂಟಪಟ್ಟಿಯನ್ನು ಯುದ್ಧಕ್ಕೆ ಹೊರಟ ಸಿಪಾಯಿಗೆ ಕಟ್ಟುತ್ತಿದ್ದರು. ತಾಯಂದಿರ ಪ್ರೀತಿಯು ಸುಳ್ಳಲ್ಲ. ಅವನು ಹೋದ ಕಡೆಯ ಸುಟ್ಟ ಊರುಗಳೂ ಸುಳ್ಳಲ್ಲ.

ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ತಿಯಾಯಿತು. ನೀರು ಹಿಂದಕ್ಕೆ ಏರಿ ಅನೇಕ ಹಳ್ಳಿಗಳು ಎದ್ದುಹೋದವು. ಶೆಟ್ಟಿಹಳ್ಳಿಯಲ್ಲಿ 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದ ದೇವಾಲಯವು, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಪಾಳುಗೋಡೆಗಳಾಗಿ, ನೋಡುವವರಿಗೆ ಒಂದು ವಿನೋದವಾಯಿತು. ನೆಲಕ್ಕೂ ಮನೆಗೂ ಮರಕ್ಕೂ ಪರಿಹಾರವೆಂಬದುಂಟು. ಮನುಷ್ಯರು ತಲೆಯ ಮೇಲೆ ಹೊತ್ತುಕೊಂಡು ಹೋದ ಗಂಟಿಗೆ ಲೆಕ್ಕವಿಲ್ಲ. ಊರು ಬಿಟ್ಟವರ ಗಂಟುಗಳ ಹೊರಬಟ್ಟೆಯು ಎಷ್ಟೋ ಸಾರಿ ಕೌದಿಯೇ ಆಗಿರುವದು: ಒಳಗೆ ಪಾತ್ರೆ, ಹೊರಗೆ ಮುತ್ತಜ್ಜಿಯ ಸೀರೆ. ಬೇರೆ ಊರಿನ ಹೊಸ ನೆಲದ ಮೇಲೆ ಮೊದಲ ರಾತ್ರಿ ಗಂಟನ್ನು ಬಿಚ್ಚಿ ಅದನ್ನೇ ಹಾಸಿ ಮಲಗುವರು. ಅಂಥ ರಾತ್ರಿಯಲ್ಲಿ ಅಂಗಡಿಯ ರಗ್ಗೂ ಅಷ್ಟೇ ಬೆಚ್ಚಗಿರುವದೆಂದು ವಾದಿಸುವವನೊಡನೆ ನಾನು ವಾದಿಸಲಾರೆನು. ಬೆಚ್ಚಗಿನ ವಿಷಯದಲ್ಲಿ ಅವನು ಹೇಳುವದು ನಿಜ. ಆದರೆ ಆ ಬಟ್ಟೆಯಲ್ಲಿ ಯಾರ ಯಾರ ಮೈಗೆ ಯಾವ ಸೀರೆಯಿತ್ತೆಂದು ಬೆರಳಿಟ್ಟು ಹೇಳುವ ಮುದುಕಿಯು ಪಕ್ಕದಲ್ಲಿದ್ದರೆ, ಮಕ್ಕಳಿಗೆ ಬಿಟ್ಟುಬಂದ ಊರು ಒಂದು ಗೇಣಿನಷ್ಟಾದರೂ ಉಳಿಯುವದು.

ನನ್ನ ದೊಡ್ಡಮ್ಮನು ಒಮ್ಮೆ ಆ ವಿದ್ಯಾರ್ಥಿನಿಲಯಕ್ಕೆ ಬಂದಿದ್ದಳು. ಸಂತೆಗೆ ಬಂದವಳು, ಎರಡು ಸೇರು ಹುರಿಗಡಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ನನ್ನನ್ನು ನೋಡಿಹೋಗೋಣವೆಂದು ಬಂದಳು. ಹಾಸಿಗೆಯ ಮೇಲಿನ ಕೆಂಪು ರಗ್ಗನ್ನು ಕೈಯಿಂದ ಸವರಿ ನೋಡಿದಳು. ಕೌದಿಯೆಲ್ಲಿ ಎಂದು ಕೇಳಲಿಲ್ಲ. “ಇದು ತೆಳ್ಳಗದೆ. ರಾತ್ರಿ ಚಳಿ ಆಗಾಕಿಲ್ವಾ ಮಗ?” ಎಂದಳು, ಅಷ್ಟೇ. ಬಾಗಿಲ ಬಳಿ ಮುದುಕನ ಮೂಲೆಯನ್ನು ದಾಟಿಯೇ ಅವಳು ಹೋಗಬೇಕಾಗಿತ್ತು. ಹಗಲು ಹೊತ್ತಾದ್ದರಿಂದ ಅವನು ಅಲ್ಲಿರಲಿಲ್ಲ. ಅವನ ಗಂಟು ಗೋಡೆಗೆ ಒರಗಿತ್ತು. ಆ ಗಂಟಿನ ನೀಲಿ ಚೂರುಗಳನ್ನು ಅವಳು ಕಂಡಳೋ ಇಲ್ಲವೋ ನಾನು ಅರಿಯೆನು. ನಾನು ಅವಳನ್ನು ಬೇಗ ಬೇಗನೆ ಬೀದಿಗೆ ಕರಕೊಂಡು ಹೋದೆನು.

ವರುಷಗಳಾದ ಮೇಲೆ, ಓದು ಮುಗಿಸಿ ಉದ್ಯೋಗ ಹಿಡಿದು, ನನ್ನ ಮೊದಲನೆಯ ಮಗುವನ್ನು ತೋರಿಸುವದಕ್ಕೆ ಅವಳ ಊರಿಗೆ ಹೋದೆನು. ಆಗ ಅವಳ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸುವದಕ್ಕೆ ನೆರೆಮನೆಯ ಹುಡುಗಿಯನ್ನು ಕೂಗುತ್ತಿದ್ದಳು. ಆದರೂ ಮಗುವಿಗೆ ಒಂದು ಚಿಕ್ಕ ಕೌದಿಯು ಸಿದ್ಧವಾಗಿತ್ತು. ಸಾಲುಗಳು ಅಂಕುಡೊಂಕಾಗಿದ್ದವು. ಅದನ್ನು ನನ್ನ ಹೆಂಡತಿಯ ಮಡಿಲಲ್ಲಿಟ್ಟ ಮೇಲೆ, ಮೂಲೆಯಲ್ಲಿದ್ದ ಚೂರುಬಟ್ಟೆಯ ಬುಟ್ಟಿಯನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡು, “ನಿಂದು ಆ ಹಳೇದು ಇಷ್ಟೊತ್ತಿಗೆ ಹರಿದಿರ್ತದೆ. ಇನ್ನೊಂದು ಸಲ ಬರುವಾಗ ತಕೊಂಡ್ ಬಾ ಮಗ, ತೇಪೆ ಹಾಕ್ಕೊಡ್ತೀನಿ,” ಎಂದಳು.

“ಇಲ್ಲ ದೊಡ್ಡಮ್ಮ, ಇನ್ನೂ ಗಟ್ಟಿಯಾಗೇ ಇದೆ,” ಎಂದು ನಾನು ಹೇಳಿದೆನು. ಅವಳು ಬುಟ್ಟಿಯನ್ನು ಮತ್ತೆ ಮೂಲೆಗೆ ಸರಿಸಿ, ಮಗುವನ್ನು ಎತ್ತಿಕೊಂಡಳು.