ಒಂದನ್ನೇ ಆರಿಸಿಕೊಳ್ಳುವುದು ವ್ರತವೇ?

ಇಂದಿನ ತರುಣರು ವಿನೋದಕ್ಕಾಗಿ ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಯೊಂದುಂಟು. ಜೀವಮಾನವಿಡೀ ಒಂದೇ ಹೋಟೆಲಿನ ಒಂದೇ ಬರ್ಗರನ್ನು ತಿನ್ನಬೇಕಾಗಿ ಬಂದರೆ ಯಾವುದನ್ನು ಆರಿಸಿಕೊಳ್ಳುವೆ? ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಶ್ರಾವಕಾಚಾರವನ್ನು ಸ್ವಲ್ಪವಾದರೂ ಓದಿದವರಿಗೆ ಇದು ಅಷ್ಟಕ್ಕೇ ಮುಗಿಯುವ ಮಾತಲ್ಲ. ‘ಯಾವಜ್ಜೀವ’ ಎಂಬುದೂ ‘ಇಷ್ಟೇ ಪದಾರ್ಥ’ ಎಂಬುದೂ ನಮ್ಮ ವ್ರತವಿಧಾನದಲ್ಲಿ ಬರುವ ಮಾತುಗಳೇ. ಹಾಗಾದರೆ ಇಂಥ ಆಯ್ಕೆಯನ್ನು ಯಾರಾದರೂ ನಿಜವಾಗಿಯೇ ಪಾಲಿಸಿದರೆ ಅದು ಸಂಯಮವೆನಿಸುವುದೇ, ಅಥವಾ ಸಂಯಮದ ವೇಷ ತೊಟ್ಟ ಆಸಕ್ತಿಯೇ?

ನಿಜವಾಗಿ ಪಾಲಿಸಿದವರು ಇದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಡಾನ್ ಗೋರ್ಸ್ಕಿ ಎಂಬವರು 1972ರ ಮೇ 17ರಂದು ಮೊದಲ ಬಾರಿಗೆ ಮ್ಯಾಕ್‌ಡೊನಾಲ್ಡ್ಸ್ ಹೋಟೆಲಿನ ‘ಬಿಗ್ ಮ್ಯಾಕ್’ ಎಂಬ ಬರ್ಗರನ್ನು ತಿಂದರು. ಆ ಒಂದೇ ದಿನ ಒಂಬತ್ತನ್ನು ತಿಂದರಂತೆ. ಅಂದಿನಿಂದ ಹೆಚ್ಚುಕಡಿಮೆ ಪ್ರತಿದಿನವೂ ಅದನ್ನೇ ತಿನ್ನುತ್ತ ಬಂದು, 2018ರ ಮೇ ತಿಂಗಳಲ್ಲಿ ಮೂವತ್ತು ಸಾವಿರದ ಎಣಿಕೆಯನ್ನು ಮುಟ್ಟಿದರು. ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಅವರ ಹೆಸರಿದೆ. ತಿಂದ ಬರ್ಗರುಗಳ ಪೆಟ್ಟಿಗೆಗಳನ್ನೂ ರಸೀದಿಗಳನ್ನೂ ಅವರು ಕೂಡಿಟ್ಟಿದ್ದಾರೆ. ಹಿಮ ಬಿದ್ದು ಅಂಗಡಿ ಮುಚ್ಚಿದರೂ ತಪ್ಪಬಾರದೆಂದು ಮನೆಯ ಶೀತಪೆಟ್ಟಿಗೆಯಲ್ಲಿ ಕೆಲವನ್ನು ಸಂಗ್ರಹಿಸಿಟ್ಟದ್ದೂ ವರದಿಯಾಗಿದೆ. ಪರದೇಶದ ಒಬ್ಬ ಗೃಹಸ್ಥರನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಅವರು ಯಾವ ವ್ರತವನ್ನೂ ತೆಗೆದುಕೊಂಡೆನೆಂದು ಹೇಳಿಕೊಂಡವರಲ್ಲ. ನಮ್ಮ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗದೆಂಬ ಕಾರಣಕ್ಕಾಗಿ ಮಾತ್ರ ಅದನ್ನು ಇಲ್ಲಿ ತೆಗೆದುಕೊಂಡಿದೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ನಾಲಗೆಯ ಚಾಪಲ್ಯವು ಸಾಮಾನ್ಯವಾಗಿ ವೈವಿಧ್ಯವನ್ನು ಬೇಡುತ್ತದೆ. ಇಂದು ಇದು, ನಾಳೆ ಅದು ಎಂದು ಓಡುವ ಮನಸ್ಸಿಗೆ ಹೋಲಿಸಿದರೆ ಒಂದೇ ಪದಾರ್ಥದಲ್ಲಿ ನಿಂತವನ ಮನಸ್ಸು ಶಾಂತವೆಂದು ತೋರುತ್ತದೆ. ಹತ್ತು ತಿಂಡಿಗಳ ಪಟ್ಟಿಯನ್ನು ಹಿಡಿದು ತಳಮಳಿಸುವ ಆಕುಲತೆ ಅವನಿಗಿಲ್ಲ. ನಮ್ಮ ಮನೆಗಳಲ್ಲಿಯೂ ಮಕ್ಕಳು ಇದೇ ವಾದವನ್ನು ಹೂಡುವುದುಂಟು: “ಹೊರಗೆ ಹೋದಾಗ ನಾನು ಆ ಒಂದು ಜೈನ್ ಬರ್ಗರನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಇದೂ ಪರಿಮಾಣವೇ ಅಲ್ಲವೇ?” ಈ ವಾದವನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ, ಉತ್ತರಿಸುವುದು ಅಗತ್ಯ.

ಹಿಂಸೆಯ ವಿಷಯವನ್ನು ಮೊದಲು ಹೇಳಿ ಮುಂದಕ್ಕೆ ಹೋಗೋಣ. ಒಂದು ಬಿಗ್ ಮ್ಯಾಕಿನಲ್ಲಿ ದನದ ಮಾಂಸದ ಎರಡು ಬಿಲ್ಲೆಗಳಿರುತ್ತವೆ. ಮೂವತ್ತು ಸಾವಿರ ಬರ್ಗರುಗಳೆಂದರೆ ಅರವತ್ತು ಸಾವಿರ ಬಿಲ್ಲೆಗಳು. ಪದಾರ್ಥ ಒಂದೇ ಎಂದ ಮಾತ್ರಕ್ಕೆ ಹಿಂಸೆ ಒಂದಾಗುವುದಿಲ್ಲ. ಭಾರತದಲ್ಲಿ ಇದೇ ಸಂಸ್ಥೆ 1996ರಲ್ಲಿ ದೆಹಲಿಯಲ್ಲಿ ಮೊದಲ ಹೋಟೆಲನ್ನು ತೆರೆದಾಗ ಗೋಮಾಂಸ, ಹಂದಿಮಾಂಸಗಳನ್ನು ಕೈಬಿಟ್ಟು, ಶಾಕಾಹಾರದ ಅಡುಗೆಯನ್ನು ಪ್ರತ್ಯೇಕಿಸಿತು. ಇಲ್ಲಿ ಪ್ರಸಿದ್ಧವಾದ ಅದರ ಬರ್ಗರು ಆಲೂಗಡ್ಡೆಯ ಟಿಕ್ಕಿಯದು. ಆಲೂಗಡ್ಡೆಯಾದರೋ ಅನಂತಕಾಯ. ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ ಇವುಗಳನ್ನು ಫಲ ಅಲ್ಪ, ಘಾತ ಬಹಳ ಎಂಬ ಕಾರಣದಿಂದ ತ್ಯಾಜ್ಯವೆಂದಿದ್ದಾರೆ. ಕಂದಮೂಲಗಳಿಗೆಲ್ಲ ಈ ನ್ಯಾಯವೇ ಅನ್ವಯಿಸುತ್ತದೆ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದೆ ಬಾಳೆಕಾಯಿಯಿಂದ ಮಾಡಿದ ಬರ್ಗರನ್ನೇ ತಂದು ಮುಂದಿಟ್ಟರೆ? ಆಗ ಪದಾರ್ಥದ ದೋಷ ಬಹುಮಟ್ಟಿಗೆ ಕಳೆಯಿತು. ಉಳಿಯುವುದು ತಿನ್ನುವವನ ಭಾವ. ನಮ್ಮ ಪ್ರಶ್ನೆ ನಿಜವಾಗಿ ಆರಂಭವಾಗುವುದು ಇಲ್ಲಿಂದ.

ಒಮ್ಮೆ ಬಳಸಿದರೆ ಮುಗಿಯುವ ಅನ್ನಪಾನಾದಿಗಳು ಭೋಗ. ಬಟ್ಟೆಯಂತೆ ಮರಳಿ ಮರಳಿ ಬಳಕೆಗೆ ಬರುವುವು ಉಪಭೋಗ. ಇವೆರಡಕ್ಕೂ ಮಿತಿಯನ್ನು ಕಟ್ಟಿಕೊಳ್ಳುವುದೇ ಭೋಗೋಪಭೋಗ ಪರಿಮಾಣವ್ರತ. ಕಾಲದ ಗಡುವಿಟ್ಟು ಬಿಟ್ಟರೆ ಅದು ನಿಯಮ. ಬದುಕಿರುವವರೆಗೆ ಬಿಟ್ಟರೆ ಯಮ. ಈ ಸಂದರ್ಭದಲ್ಲಿ ಆಚಾರ್ಯರು ವ್ರತವೆಂದರೆ ಏನೆಂಬುದನ್ನು ಬಹಳ ಸೂಕ್ಷ್ಮವಾಗಿ ನಿರೂಪಿಸಿದ್ದಾರೆ. ಅನಿಷ್ಟವಾದುದನ್ನೂ ಸೇವಿಸಲು ತಕ್ಕುದಲ್ಲದುದನ್ನೂ ಬಿಡಲೇಬೇಕು. ಆದರೆ ಸೇವಿಸಲು ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದು ವ್ರತ ಎಂಬುದು ಅವರ ಅಭಿಪ್ರಾಯ. ಇದರಂತೆ ವ್ರತದ ಜೀವವಿರುವುದು ವಿರತಿಯಲ್ಲಿ. ಉಳಿಸಿಕೊಂಡದ್ದು ಎಷ್ಟು ಎಂಬುದಕ್ಕಿಂತ ಬೇಕೆನಿಸಿದ್ದನ್ನು ಬಿಟ್ಟೆನೇ ಎಂಬುದನ್ನು ಅದು ಕೇಳುತ್ತದೆ. ಅತ್ಯಂತ ಇಷ್ಟವಾದುದನ್ನು ಹಿಡಿದು, ಇಷ್ಟವಿಲ್ಲದ ಉಳಿದೆಲ್ಲವನ್ನೂ ಬಿಟ್ಟವನು ಬಿಟ್ಟದ್ದಾದರೂ ಏನನ್ನು?

ವ್ಯಾಪಾರ ಬಲ್ಲವರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ನೂರು ಬಗೆಯ ಸಾಮಾನುಗಳನ್ನು ಸ್ವಲ್ಪಸ್ವಲ್ಪವೇ ಇಟ್ಟುಕೊಂಡ ಕಿರಾಣಿ ಅಂಗಡಿಯ ಬಂಡವಾಳಕ್ಕಿಂತ ಅಡಿಕೆಯೊಂದನ್ನೇ ದಾಸ್ತಾನು ಮಾಡಿದ ಮಂಡಿಯ ಬಂಡವಾಳ ಎಷ್ಟೋ ಪಾಲು ಹೆಚ್ಚಿರಬಹುದು. ಬಗೆ ಕಡಿಮೆಯಾದರೆ ಬಂಡವಾಳ ಕಡಿಮೆಯಾಯಿತೆಂದು ಯಾವ ಲೆಕ್ಕಿಗನೂ ಬರೆಯುವುದಿಲ್ಲ. ರಾಗದ ಲೆಕ್ಕವೂ ಹೀಗೆಯೇ. ಹತ್ತು ಕಡೆ ಹಂಚಿಹೋಗಿದ್ದ ಆಸಕ್ತಿ ಒಂದೇ ಕಡೆ ಬಂದು ನಿಂತಾಗ ಖಾತೆಗಳು ಕಡಿಮೆಯಾಗುತ್ತವೆ, ಮೊತ್ತ ಇಳಿಯುವುದಿಲ್ಲ.

ಈ ವ್ರತಕ್ಕೆ ಹೇಳಿದ ಅತಿಚಾರಗಳನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಶ್ರೀ ಉಮಾಸ್ವಾಮಿಗಳು ಸಚಿತ್ತಾಹಾರ ಮೊದಲಾದ ಐದನ್ನು ಹೇಳುವಾಗ ತಟ್ಟೆಯಲ್ಲಿರುವ ಆಹಾರದ ಕಡೆ ದೃಷ್ಟಿ ಇಟ್ಟಿದ್ದಾರೆ. ಸಮಂತಭದ್ರರು ತಟ್ಟೆಯ ಮುಂದೆ ಕುಳಿತವನ ಕಡೆ ನೋಡುತ್ತಾರೆ. ವಿಷಯವೆಂಬ ವಿಷದಲ್ಲಿ ಉಪೇಕ್ಷೆ ಹುಟ್ಟದಿರುವುದು, ಹಿಂದೆ ಅನುಭವಿಸಿದ್ದನ್ನು ಮತ್ತೆ ಮತ್ತೆ ನೆನೆಯುವುದು, ಅನುಭವಿಸಿದ ಮೇಲೂ ಮತ್ತೆ ಬಯಸುವ ಅತಿಲೌಲ್ಯ, ಮುಂದೆ ಸಿಗಬೇಕಾದುದಕ್ಕಾಗಿ ಅತಿತೃಷ್ಣೆ, ಅನುಭವಿಸುವಾಗ ಅದರಲ್ಲಿಯೇ ಮುಳುಗಿಹೋಗುವ ಅತ್ಯನುಭವ: ಇವು ಐದು. ಕೂಡಿಟ್ಟ ಪೆಟ್ಟಿಗೆ, ರಸೀದಿಗಳು ಅನುಸ್ಮೃತಿಗೆ ಕಟ್ಟಿದ ಭಂಡಾರವಲ್ಲದೆ ಮತ್ತೇನು? ನಾಳೆ ತಪ್ಪೀತೆಂಬ ಭಯದಿಂದ ಶೀತಪೆಟ್ಟಿಗೆಯಲ್ಲಿ ಇಟ್ಟದ್ದು ಅತಿತೃಷ್ಣೆಯ ರೂಪವಲ್ಲವೇ? ಪದಾರ್ಥ ಒಂದೇ ಆದರೂ, ಶುದ್ಧವೇ ಆದರೂ, ಈ ಐದೂ ಅದರ ಸುತ್ತ ನೆಲೆಸಬಲ್ಲವು.

ಮುನಿಗಳ ಚರ್ಯೆಯಲ್ಲಿಯೂ ‘ಒಂದು’ ಎಂಬ ಸಂಖ್ಯೆ ಬರುತ್ತದೆ. ಆರು ಬಾಹ್ಯತಪಗಳಲ್ಲಿ ಮೂರನೆಯದು ವೃತ್ತಿಪರಿಸಂಖ್ಯಾನ. ಇಂಥ ಬೀದಿಯಲ್ಲಿ, ಇಷ್ಟೇ ಮನೆಗಳಲ್ಲಿ, ಪ್ರತಿಗ್ರಹಿಸುವವರು ಇಂಥ ವಸ್ತುವನ್ನು ಹಿಡಿದು ನಿಂತಿದ್ದರೆ ಮಾತ್ರ ಆಹಾರ ಎಂದು ಮನದಲ್ಲಿಯೇ ಸಂಕಲ್ಪಿಸಿ ಮುನಿಗಳು ಹೊರಡುತ್ತಾರೆ. ಸಂಕಲ್ಪ ಕೂಡಿಬಾರದಿದ್ದರೆ ಯಾರಿಗೂ ಹೇಳದೆ ಹಿಂತಿರುಗುತ್ತಾರೆ, ಅಂದು ಉಪವಾಸ. ಮೆಚ್ಚಿನ ತಿಂಡಿಯವನು ತನ್ನ ಆಯ್ಕೆಯನ್ನು ಒಂದಕ್ಕೆ ಇಳಿಸುವುದು ಅದು ತಪ್ಪದೆ ದೊರೆಯಲೆಂದು. ಮುನಿಗಳು ಒಂದಕ್ಕೆ ಇಳಿಸುವುದು ದೊರೆಯದಿದ್ದರೂ ಸಮತೆ ಕದಲದಿರಲೆಂದು. ಸಂಖ್ಯೆ ಒಂದೇ, ದಾರಿಗಳು ಮಾತ್ರ ಎದುರುಬದುರು. ಆದ್ದರಿಂದ ಯಾವುದೇ ಆಯ್ಕೆಯನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಇಂದು ಅದು ಸಿಗದಿದ್ದರೆ ನನ್ನ ಮನಸ್ಸು ಹೇಗಿರುತ್ತದೆ?

ಈ ಪ್ರಶ್ನೆಯನ್ನು ಮಕ್ಕಳಿಗೆ ಕೇಳುವ ಮೊದಲು ಹಿರಿಯರಾದ ನಾವು ಕೇಳಿಕೊಳ್ಳಬೇಕು. ದಾವಣಗೆರೆಯ ದಾರಿಯಾಗಿ ಹೋದರೆ ಒಂದು ಹೋಟೆಲಿನ ಬೆಣ್ಣೆದೋಸೆಯೇ ಆಗಬೇಕೆಂದು ಕಾರನ್ನು ತಿರುಗಿಸುವವರು, ಬೆಳಗಿನ ಚಹದ ಹದ ತಪ್ಪಿತೆಂದು ಮನೆಯವರ ಮೇಲೆ ಮುಖ ಗಂಟಿಕ್ಕುವವರು ಬರ್ಗರಿನ ಹುಡುಗನಿಗೆ ಉಪದೇಶ ಮಾಡಿದರೆ ಆ ಉಪದೇಶ ನಾಟುವುದಿಲ್ಲ. ಚಾತುರ್ಮಾಸ ಬಂದಾಗ ನಾವು ಬರೆಸುವ ನಿಯಮಗಳನ್ನೂ ನೋಡಿಕೊಳ್ಳೋಣ. ಹಾಗಲಕಾಯಿಯನ್ನು ಕಂಡರಾಗದವನು ಹಾಗಲಕಾಯಿಯನ್ನು ಬಿಡುತ್ತಾನೆ. ಸಿಹಿ ಮುಟ್ಟಬಾರದೆಂದು ವೈದ್ಯರು ಹೇಳಿದವನು ಸಿಹಿಯನ್ನು ಬಿಡುತ್ತಾನೆ. ನಿಯಮವೇನೋ ದಾಖಲಾಗುತ್ತದೆ. ಯೋಗ್ಯವಾದುದರಿಂದ, ಅದರಲ್ಲಿಯೂ ಪ್ರಿಯವಾದುದರಿಂದ ವಿರತಿ ಎಲ್ಲಿ ಬಂತು?

ಬಸದಿಯ ಟ್ರಸ್ಟುಗಳೂ ಪಾಠಶಾಲೆಗಳೂ ಇಲ್ಲಿ ಒಂದು ಸಣ್ಣ ಕೆಲಸವನ್ನು ಮಾಡಬಹುದು. ಪರ್ವಕಾಲದಲ್ಲಿ ಮಕ್ಕಳಿಗೆ ತ್ಯಾಜ್ಯವಸ್ತುಗಳ ಉದ್ದನೆಯ ಪಟ್ಟಿಯನ್ನು ಕೊಡುವುದರ ಜೊತೆಗೆ, ನಿನಗೆ ಅತ್ಯಂತ ಪ್ರಿಯವಾದ ಒಂದು ತಿಂಡಿಯ ಹೆಸರನ್ನು ಬರೆ ಎಂದು ಕೇಳಲಿ. ಅದನ್ನು ಜೀವಮಾನವಿಡೀ ಬಿಡು ಎನ್ನಬೇಕಾಗಿಲ್ಲ. ಆಚಾರ್ಯರು ಕರುಣೆಯಿಂದ ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಮೆಟ್ಟಿಲುಗಳನ್ನು ಇಟ್ಟಿದ್ದಾರೆ. ದಶಲಕ್ಷಣದ ಹತ್ತು ದಿನ ಬಿಡಲಿ. ತಂದೆತಾಯಿಗಳೂ ತಮ್ಮದೊಂದು ಹೆಸರನ್ನು ಅದೇ ಹಾಳೆಯಲ್ಲಿ ಬರೆದು ಬಿಡಲಿ. ಹತ್ತು ದಿನಗಳ ನಂತರ ಅದನ್ನು ಮರಳಿ ತಿಂದರೂ ಚಿಂತೆಯಿಲ್ಲ. ಅದಿಲ್ಲದೆಯೂ ನಾನು ಇದ್ದೆ, ಪ್ರಸನ್ನನಾಗಿಯೇ ಇದ್ದೆ ಎಂಬ ಅನುಭವ ಆ ಮಗುವಿಗೆ ದೊರೆತಿರುತ್ತದೆ. ಗ್ರಂಥದಿಂದ ಹೇಳಿಕೊಡಲಾಗದ ಪಾಠ ಅದು.

ಜೀವಮಾನಕ್ಕೆ ಒಂದೇ ತಿಂಡಿಯನ್ನು ಆರಿಸಿಕೊಳ್ಳಬೇಕಾದರೆ ಯಾವುದನ್ನು ಎಂಬ ಪ್ರಶ್ನೆಗೆ ಶ್ರಾವಕನ ಉತ್ತರ ಇಷ್ಟೇ: ಶುದ್ಧವಾಗಿ ದೊರೆತುದು ಯಾವುದಾದರೂ ಆದೀತು. ಆ ಮಾತನ್ನು ಒಳಗೆ ಯಾವ ಕೊರಗೂ ಇಲ್ಲದೆ ಹೇಳಬಲ್ಲವನಿಗೆ ಪರಿಮಾಣವ್ರತದ ಅರ್ಥ ತಿಳಿಯಿತೆಂದು ಹೇಳಬಹುದು.