ಆಶ್ರಮವಾಸಿಕಪರ್ವದ ಸೇವಾಧರ್ಮ



ಭಾರತ ಪ್ರವಚನವು ಆಶ್ರಮವಾಸಿಕಪರ್ವಕ್ಕೆ ಬರುವಷ್ಟರಲ್ಲಿ ಶ್ರೋತೃಗಳು ವಿರಳವಾಗುವುದುಂಟು. ಯುದ್ಧವು ಮುಗಿಯಿತು, ಧರ್ಮರಾಜನಿಗೆ ಪಟ್ಟವಾಯಿತು, ಇನ್ನೇನಿದೆ ಎಂಬ ಭಾವನೆ. ಆದರೆ ನಡೆಯಲಾರದ, ಕಣ್ಣಿಲ್ಲದ, ವಯಸ್ಸಿಗೆ ತಕ್ಕಂತೆ ಬುದ್ಧಿ ಬೆಳೆಯದ ಮಕ್ಕಳನ್ನು ಸಾಕುತ್ತಿರುವ ತಂದೆತಾಯಿಗಳು ತಪ್ಪದೆ ಕೇಳಬೇಕಾದ ಪರ್ವವಿದು. “ನಮ್ಮ ಕಾಲಾನಂತರ ಇವನ ಗತಿಯೇನು?” ಎಂಬುದೊಂದೇ ಅವರ ಚಿಂತೆ.

ಯುದ್ಧಾನಂತರ ಧೃತರಾಷ್ಟ್ರನು 15 ವರ್ಷ ಪಾಂಡವರ ಆಶ್ರಯದಲ್ಲಿದ್ದನು. ಹುಟ್ಟುಗುರುಡ, ವೃದ್ಧ, ಪುತ್ರರನ್ನು ಕಳೆದುಕೊಂಡವನು. ಪಾಂಡವರಿಗೆ ಅವನು ಬಗೆದ ದ್ರೋಹವನ್ನು ನೆನೆದರೆ ಒಂದು ಕೊಠಡಿ, ಎರಡು ಹೊತ್ತಿನ ಅನ್ನವೇ ಹೆಚ್ಚೆಂದು ನಾವು ಹೇಳುತ್ತಿದ್ದೆವು. ಧರ್ಮರಾಜನು ಹಾಗೆ ಮಾಡಲಿಲ್ಲ. ವಿದುರ, ಸಂಜಯ, ಯುಯುತ್ಸುಗಳು ಸದಾ ಬಳಿಯಲ್ಲಿರುತ್ತಿದ್ದರು. ಹಿಂದಿದ್ದಂತೆಯೇ ಬಾಣಸಿಗರು, ಭಕ್ಷ್ಯ ಪಾನಕಗಳನ್ನು ಸಿದ್ಧಪಡಿಸುವವರು ಇದ್ದರು. ವೇದವ್ಯಾಸರು ಬಂದು ಕುಳಿತು ಪುರಾತನ ಕಥೆಗಳನ್ನು ಹೇಳುತ್ತಿದ್ದರು. ಇಷ್ಟೂ ಉಪಚಾರ, ಇದಕ್ಕಿಂತ ದೊಡ್ಡದು ಇನ್ನೊಂದಿದೆ. ರಾಜಕಾರ್ಯಗಳಲ್ಲಿ ಅವನ ಅಭಿಪ್ರಾಯವನ್ನು ಕೇಳಲಾಗುತ್ತಿತ್ತು. ಪುತ್ರರ ಶ್ರಾದ್ಧದಲ್ಲಿ ಅವನು ಇಚ್ಛಿಸಿದಷ್ಟು ದಾನಮಾಡುತ್ತಿದ್ದನು. ಬಂಧಿತರನ್ನೂ ವಧಾರ್ಹರನ್ನೂ ಬಿಡಿಸುತ್ತಿದ್ದನು; ಏಕೆಂದು ಧರ್ಮರಾಜನು ಒಂದು ದಿನವೂ ಕೇಳಲಿಲ್ಲ. ಕೊನೆಗೆ ಅರಣ್ಯಕ್ಕೆ ಹೋಗುವೆನೆಂದಾಗ ಧರ್ಮರಾಜನು ಬಹಳ ಸಂಕಟಪಟ್ಟನು. ಆದರೂ ವ್ಯಾಸರ ಮಾತಿನಂತೆ ಒಪ್ಪಿದನು. ಅಲ್ಲಿಯೂ ಹಳ್ಳತಿಟ್ಟುಗಳಲ್ಲಿ ಸಂಜಯನು ಕೈಹಿಡಿದು ನಡೆಸಿದನು. ಗಾಂಧಾರಿಗೆ ಕುಂತಿಯು ಕಣ್ಣಾದಳು.

ಗಾಂಧಾರಿಯ ಪಾತಿವ್ರತ್ಯವು ವಂದ್ಯವೇ ಸರಿ. ಆದರೆ ಆಕೆ ತನ್ನ ಕಣ್ಣಿಗೆ ವಸ್ತ್ರವನ್ನು ಕಟ್ಟಿಕೊಂಡದ್ದರಿಂದ ಅರಸನಿಗೆ ದಾರಿ ಕಾಣಲಿಲ್ಲ. ಮಗನೊಡನೆ ತಾವೂ ಮನೆಯೊಳಗೆ ಬಾಗಿಲು ಮುಚ್ಚಿಕೊಂಡು ಕುಳಿತ ಎಷ್ಟೋ ತಾಯಂದಿರಿಗೆ ಈ ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ.

ಇಂದು ಸರ್ಕಾರಿ ಬರಹಗಳಲ್ಲಿ ‘ವಿಕಲಚೇತನ’ ಎಂಬ ಶಬ್ದ ರೂಢಿಯಲ್ಲಿದೆ. ಸದುದ್ದೇಶದಿಂದಲೇ ಬಂದ ಶಬ್ದ. ಆದರೆ ನಮ್ಮ ಸಿದ್ಧಾಂತದಲ್ಲಿ ಅದು ಸಲ್ಲದು. ವಿಕಲವಾದದ್ದು ಪ್ರಾಕೃತ ದೇಹೇಂದ್ರಿಯ, ಚೇತನವಲ್ಲ. ಜೀವನಿಗೆ ಸ್ವರೂಪೇಂದ್ರಿಯವಾದ ಸಾಕ್ಷಿಯಿದೆ. ಸುಖದುಃಖಗಳನ್ನು ನೇರವಾಗಿ ಅರಿಯುವುದು ಅದೇ. ಮಾತು ಬಾರದವನಿಗೂ ಲೆಕ್ಕ ತಿಳಿಯದವನಿಗೂ ತನಗೆ ಯಾವುದು ಹಿತವೆನಿಸಿತು, ಯಾವುದು ನೋಯಿಸಿತು ಎಂಬ ಅರಿವಿದೆ. “ಅವನಿಗೇನು ತಿಳಿಯುತ್ತದೆ” ಎನ್ನುವವರು ಸಾಕ್ಷಿಯನ್ನೇ ಅಲ್ಲಗಳೆದಂತಾಯಿತು. ಇನ್ನು ಪರಾಧೀನತೆಯ ಮಾತು. ಸ್ವತಂತ್ರನು ಶ್ರೀಹರಿಯೊಬ್ಬನೇ. ಉಳಿದ ನಾವೆಲ್ಲರೂ ಉಸಿರಾಟಕ್ಕೂ ಮುಖ್ಯಪ್ರಾಣನನ್ನು ನಂಬಿದವರು. ಊರುಗೋಲು ಹಿಡಿದವನನ್ನು ಮಾತ್ರ ಪರಾಧೀನನೆಂದು ಕರೆಯುವುದು ಎಂಥ ವಿನೋದ!

“ಅವನ ಪ್ರಾರಬ್ಧ, ಅವನು ಅನುಭವಿಸುತ್ತಾನೆ” ಎಂಬ ಮಾತನ್ನು ವೈದಿಕರ ಬಾಯಲ್ಲೂ ಕೇಳುತ್ತೇವೆ. ಅವನ ಪ್ರಾರಬ್ಧ ಅವನದು. ನಮ್ಮ ಕರ್ತವ್ಯ ನಮ್ಮದು. ಜನರ ಸೇವೆಯು ರಾಜನಿಗೆ ಸಲ್ಲಿಸಬೇಕಾದ ತೆರಿಗೆಯಂತೆ ಎಂದು ಶ್ರೀಮದಾಚಾರ್ಯರೇ ತಿಳಿಸಿದ್ದಾರೆ. ತೆರಿಗೆ ಕೊಟ್ಟವನು ದಾನಿಯಲ್ಲ, ಕೊಡದವನು ಅಪರಾಧಿ.

ಧರ್ಮರಾಜನು ನಡೆಸಿದ ಈ ಕ್ರಮವೇ ಇಂದು ‘ಬೆಂಬಲಸಹಿತ ವಾಸ’ವೆನಿಸಿದೆ. ದೂರದ ಆಶ್ರಮಕ್ಕೆ ಸೇರಿಸಿ ಮರೆತುಬಿಡುವುದಲ್ಲ. ಎಲ್ಲರಿರುವ ಬೀದಿಯಲ್ಲೇ ತನ್ನ ಮನೆಯಲ್ಲಿ, ಅಥವಾ ಮೂರು ನಾಲ್ಕು ಜನರ ಚಿಕ್ಕ ಮನೆಯಲ್ಲಿ ವಾಸ. ಅಡುಗೆಗೋ ಔಷಧಕ್ಕೋ ಹಣದ ಲೆಕ್ಕಕ್ಕೋ, ಬೇಕಾದಲ್ಲಿ ಮಾತ್ರ ಸಹಾಯ. ಎಲ್ಲಿ, ಯಾರೊಡನೆ ವಾಸಿಸಬೇಕೆಂಬ ಆಯ್ಕೆ ಅವರದೆಂದು 2006ರ ವಿಶ್ವಸಂಸ್ಥೆಯ ಒಡಂಬಡಿಕೆ ಹೇಳಿತು. ಭಾರತವು 2007ರಲ್ಲಿ ಅದನ್ನು ಅಂಗೀಕರಿಸಿತು. 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ನಮ್ಮ ಕಾಯಿದೆಯೂ ಸಮಾಜದ ನಡುವೆ ಬಾಳುವ ಹಕ್ಕನ್ನು ಕೊಟ್ಟಿದೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯಗಳುಳ್ಳವರಿಗೆ 18 ವರ್ಷ ತುಂಬಿದ ಮೇಲೆ ಪೋಷಕರು ಬೇಕಾದಲ್ಲಿ, 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಂತೆ ಜಿಲ್ಲಾಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. ತಂದೆತಾಯಿಗಳು ಗಟ್ಟಿಯಾಗಿರುವಾಗಲೇ ಇದನ್ನು ಮಾಡಿಸತಕ್ಕದ್ದು. “ಅಣ್ಣ ತಮ್ಮಂದಿರು ನೋಡಿಕೊಳ್ಳುತ್ತಾರೆ” ಎಂಬ ಬಾಯಿಮಾತು ಸಾಲದು. ಅಣ್ಣ ತಮ್ಮಂದಿರನ್ನು ಕೂಡಿಸಿ ಕೇಳಿರಿ, ಅವನನ್ನೂ ಕೇಳಿರಿ.

ದೇವಸ್ಥಾನದಲ್ಲಿ ಗಂಧ ತೇಯುವುದು, ತುಳಸಿ ಬಿಡಿಸುವುದು, ದೀಪದ ಬತ್ತಿ ಹೊಸೆಯುವುದು ಮೊದಲಾದ ಸೇವೆಗಳಿವೆ. ನಿಧಾನವಾಗಿ ಮಾಡುವವನಿಗೂ ಅಲ್ಲಿ ಸ್ಥಳವುಂಟು. ಬರುವ ಆರಾಧನೆಗೆ ಅಂಥ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಬಾರದೆಂದು ಪ್ರಾರ್ಥನೆ. ಪಂಕ್ತಿಯಲ್ಲಿ ಬಡಿಸುವವರು ಹಯಗ್ರೀವವನ್ನು ಇನ್ನಷ್ಟು ಬಡಿಸಲೇ ಎಂದು ಅವನನ್ನೇ ಕೇಳಲಿ, ಪಕ್ಕದಲ್ಲಿ ಕುಳಿತ ತಾಯಿಯನ್ನಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥