ನೆರೆ ಬಂದಾಗ ನೆರೆಯವರು

ಬಾಯಾರಿದಾಗ ಬಾವಿ ತೋಡಿದಂತೆ ಎಂಬ ಗಾದೆಮಾತು ನಮಗೆಲ್ಲ ಪರಿಚಿತವಾದದ್ದು. ಕಷ್ಟ ಬಂದೊದಗುವ ಮುನ್ನವೇ ಅದಕ್ಕೆ ಅಣಿಯಾಗಬೇಕು ಎಂಬುದು ಅದರ ತಾತ್ಪರ್ಯ. ಆ ವಿವೇಕವನ್ನು ಅಲ್ಲಗಳೆಯುವವರಿಲ್ಲ. ಆದರೆ ಗಾದೆ ಕೇಳದೆ ಬಿಟ್ಟ ಪ್ರಶ್ನೆಯೊಂದುಂಟು: ಬಾಯಾರುವ ಮುನ್ನ ನಾನು ತೋಡಿದ ಬಾವಿ ಪಕ್ಕದ ಮನೆಯವರ ಬಾವಿಯನ್ನು ಬತ್ತಿಸಿದರೆ, ಅದನ್ನು ಮುಂದಾಲೋಚನೆ ಎನ್ನಬಹುದೇ? ಮನೆಯನ್ನು ಆಪತ್ತಿಗೆ ಸಜ್ಜುಗೊಳಿಸುವುದು ಮೇಲ್ನೋಟಕ್ಕೆ ಕೇವಲ ಗೃಹಕೃತ್ಯವೆಂದು ಕಂಡರೂ ಅದರೊಳಗೆ ನ್ಯಾಯಾನ್ಯಾಯದ ವಿವೇಚನೆಯೂ ಅಡಗಿದೆ. ಮಾರತ್ತಹಳ್ಳಿಯ ಸುತ್ತಲಿನ ಬದುಕು ಇದಕ್ಕೆ ಒಳ್ಳೆಯ ನಿದರ್ಶನ.

ಇಂದು ಮೇಲ್ಸೇತುವೆ, ಬಹುಮಹಡಿ ಕಟ್ಟಡಗಳಿಂದ ತುಂಬಿರುವ ಈ ಪ್ರದೇಶ ಕೆಲವೇ ದಶಕಗಳ ಹಿಂದೆ ಹೊಲ, ತೋಟ, ಕೆರೆಗಳ ಸೀಮೆಯಾಗಿತ್ತು. ಬೆಂಗಳೂರು ಸೀಮೆಯ ರೈತನ ಮನೆ ಆಪತ್ತನ್ನು ನಿರೀಕ್ಷಿಸಿಯೇ ಬಾಳುತ್ತಿತ್ತು. ರಾಗಿ ಬೇಗ ಹುಳು ಹಿಡಿಯದ ಧಾನ್ಯ. ಚೆನ್ನಾಗಿ ಒಣಗಿಸಿ ನೆಲದೊಳಗಿನ ಹಗೇವಿಗೆ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅಟ್ಟದ ಮೇಲೆ ಸೌದೆ, ಗೂಡಿನಲ್ಲಿ ದೀಪದ ಬುಡ್ಡಿ, ಹಿತ್ತಲಲ್ಲಿ ಸೇದುವ ಬಾವಿ ಇರುತ್ತಿದ್ದವು. ಆದರೆ ಮನೆಯೊಂದರ ಹಗೇವು ಎಷ್ಟೇ ಆಳವಿದ್ದರೂ ಸಾಲದು ಎಂಬುದನ್ನು 1876–78ರ ಮಹಾಕ್ಷಾಮ ತೋರಿಸಿಕೊಟ್ಟಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆದುದರಿಂದಲೇ ಸಿದ್ಧತೆಯ ಅರ್ಧ ಭಾಗ ಮನೆಯದಾದರೆ ಇನ್ನರ್ಧ ಊರಿನದಾಗಿತ್ತು. ಕೆರೆ ಊರಿನ ಸ್ವತ್ತು. ತೂಬು ತೆರೆದು ಗದ್ದೆಗಳಿಗೆ ನೀರು ಹಂಚಲು ನೀರಗಂಟಿಯಿದ್ದ. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದೂ ಸಲ್ಲದು. ಹಳ್ಳಿಗಳ ಬಾವಿಕಟ್ಟೆಗಳು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಊರಿನ ಸಿದ್ಧತೆಯಲ್ಲಿ ಸೇರಿದವರು ಯಾರು, ಹೊರಗುಳಿದವರು ಯಾರು ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಕೆರೆಗಳು ಕೋಡಿ ಹರಿದು, ಮಾರತ್ತಹಳ್ಳಿ, ಬೆಳ್ಳಂದೂರುಗಳ ಬಳಿಯ ಹೊರವರ್ತುಲ ರಸ್ತೆ ಹೊಳೆಯಂತಾಯಿತು. ಯಮಲೂರಿನಲ್ಲಿ ಕೋಟ್ಯಂತರ ಬೆಲೆಯ ಮನೆಗಳವರೂ ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊರಬರಬೇಕಾಯಿತು. ನೆಲಮಾಳಿಗೆಗೆ ನೀರು ನುಗ್ಗಿದ ಕಟ್ಟಡಗಳಲ್ಲಿ ವಿದ್ಯುತ್ತು ಹೋಯಿತು. ಅದರೊಡನೆ ಲಿಫ್ಟೂ, ನೀರೆತ್ತುವ ಪಂಪೂ ನಿಂತವು. ಅದೇ ದಿನಗಳಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪುಮನೆಗೂ ನೀರು ನುಗ್ಗಿ, ಬೆಂಗಳೂರಿಗೆ ಬರುವ ಕಾವೇರಿ ನೀರಿಗೆ ಅಡಚಣೆಯಾಯಿತು. ಬೀದಿಯ ತುಂಬ ನೀರಿದ್ದರೂ ಕುಡಿಯುವ ನೀರಿಗೆ ಪರದಾಟ! ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಪರಿಸ್ಥಿತಿ ತಿರುಗಿಬಿತ್ತು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ 2024ರ ಮಾರ್ಚಿನಲ್ಲಿ ತಿಳಿಸಿದರು. ಅದೇ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ವ್ಯವಸ್ಥೆಯಾಯಿತು. ಇದು ದೊಡ್ಡ ನೆಮ್ಮದಿಯೇ ಸರಿ. ಆದರೂ ಅದು ಸುಮಾರು 100 ಕಿಲೋಮೀಟರ್ ದೂರದಿಂದ ವಿದ್ಯುತ್ತಿನ ಬಲದಿಂದ ಮೇಲೇರಿ ಬರುವ ನೀರು. ಎಲ್ಲಿ ಕೊಂಡಿ ಕಳಚಿದರೂ ನಮ್ಮ ನಲ್ಲಿ ಬರಿದಾಗುವುದೆಂಬುದನ್ನು ಮರೆಯಲಾಗದು.

ಇಂತಹ ಅನುಭವಗಳ ತರುವಾಯ ಪ್ರತಿಯೊಂದು ಕುಟುಂಬವೂ ತನ್ನ ರಕ್ಷಣೆಯ ದಾರಿ ಹುಡುಕಿಕೊಂಡಿತು. ಈ ಸಿದ್ಧತೆಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಒಂದು, ಎಲ್ಲರ ಪಾಲಿನಿಂದ ತೆಗೆದು ತನ್ನ ಮನೆಯನ್ನು ತುಂಬಿಕೊಳ್ಳುವುದು. ಇನ್ನೊಂದು, ತನ್ನ ಮನೆಯನ್ನು ಕಾಯ್ದುಕೊಳ್ಳುತ್ತಲೇ ಎಲ್ಲರ ಪಾಲನ್ನೂ ಹೆಚ್ಚಿಸುವುದು. ಪಕ್ಕದವನ ಕೊಳವೆಬಾವಿಗಿಂತ ಆಳಕ್ಕೆ ಕೊರೆದವನು ಅಂತರ್ಜಲವನ್ನು ಸೃಷ್ಟಿಸಲಿಲ್ಲ. ತನ್ನತ್ತ ಸೆಳೆದುಕೊಂಡನು, ಅಷ್ಟೆ. ನಿವೇಶನಕ್ಕೆ ಮಣ್ಣು ತುಂಬಿಸಿ ಎತ್ತರಿಸಿದವನು ನೆರೆಯನ್ನು ತಡೆಯಲಿಲ್ಲ. ತಗ್ಗಿನ ಮನೆಗೆ ಅಟ್ಟಿದನು. ರಾಜಕಾಲುವೆಯ ಅಂಚನ್ನು ಒತ್ತಿ ಗೋಡೆ ಕಟ್ಟಿದವನ ಭದ್ರತೆಯ ಬೆಲೆಯನ್ನು ಮೇಲಿನ ಬೀದಿಯವರು ತೆರುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸಿ, ಹೆಚ್ಚಿದ್ದನ್ನು ಇಂಗುಗುಂಡಿಗೆ ಬಿಡುವವನು ಬೇಸಿಗೆಯಲ್ಲಿ ತನ್ನನ್ನೂ ಕಾಯುತ್ತಾನೆ, ಮಳೆಗಾಲದಲ್ಲಿ ತಗ್ಗಿನವನನ್ನೂ ಕಾಯುತ್ತಾನೆ. ನನ್ನ ಸಿದ್ಧತೆಯಿಂದ ನೆರೆಯವನ ಆಪತ್ತು ಹೆಚ್ಚಿತೋ, ಕಡಿಮೆಯಾಯಿತೋ? ಅದನ್ನು ಒರೆಗೆ ಹಚ್ಚಲು ಈ ಪ್ರಶ್ನೆಯೊಂದೇ ಸಾಕು.

ಹೆತ್ತವರಿಗೆ ಮೊದಲು ತಮ್ಮ ಮಕ್ಕಳ ಹೊಣೆಯಲ್ಲವೇ ಎಂದು ಕೆಲವರು ಕೇಳಬಹುದು. ಹೌದು, ಆ ಹೊಣೆ ಪವಿತ್ರವಾದದ್ದೇ. ಹತ್ತು ಮಂದಿ ಕನ್ಯೆಯರ ಸಾಮತಿಯಲ್ಲಿ ಜಾಣೆಯರು ತಮ್ಮ ಎಣ್ಣೆಯನ್ನು ಹಂಚಿಕೊಳ್ಳಲಿಲ್ಲವೆಂಬುದನ್ನೂ ಅವರು ನೆನಪಿಸಬಹುದು. ಆದರೆ ಅದು ನಡುರಾತ್ರಿಯ ಮಾತು. ದೀಪ ಆರುವ ಗಳಿಗೆಯಲ್ಲಿ ಹಂಚಿಕೊಳ್ಳುವುದು ಕೆಲವೊಮ್ಮೆ ಅಸಾಧ್ಯವಾಗುತ್ತದೆ. ಆದಕಾರಣವೇ ಹಂಚುವ ಕೆಲಸ ಹಗಲಿನಲ್ಲೇ, ಆಪತ್ತಿಗೆ ಮುನ್ನವೇ ಆಗಬೇಕು. ಇನ್ನು ಏಳು ವರ್ಷಗಳ ಸುಗ್ಗಿಯಲ್ಲಿ ಐದರಲ್ಲೊಂದು ಪಾಲನ್ನು ಕೂಡಿಟ್ಟ ಜೋಸೆಫನ ಮುಂದಾಲೋಚನೆ ಈಜಿಪ್ಟನ್ನು ಉಳಿಸಿತು. ಆದರೆ ಆ ಧಾನ್ಯವನ್ನು ಕೊಂಡ ಜನರು ಕೊನೆಗೆ ದನಕರುಗಳನ್ನೂ ಹೊಲಗಳನ್ನೂ ಫರೋಹನಿಗೆ ಒಪ್ಪಿಸಬೇಕಾಯಿತೆಂಬುದನ್ನೂ ಆದಿಕಾಂಡ ಮುಚ್ಚಿಡುವುದಿಲ್ಲ. ಕೂಡಿಟ್ಟವನಿಗೆ ಇಲ್ಲದವನ ಮೇಲೆ ಅಧಿಕಾರ ದೊರೆಯುತ್ತದೆ. ಆ ಅಧಿಕಾರವನ್ನು ಹೇಗೆ ಬಳಸುತ್ತೇವೆ ಎಂಬುದರಲ್ಲಿ ನಮ್ಮ ಪರೀಕ್ಷೆಯಿದೆ.

2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವು 5 ಕಿಲೋಮೀಟರ್ ಒಳಗಿನ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ದರ ಗೊತ್ತುಪಡಿಸಿತು. ತೆರಿಗೆ ಬಿಟ್ಟರೆ ಲೀಟರಿಗೆ ಹತ್ತು ಪೈಸೆಗೂ ಕಡಿಮೆ! ಆದರೆ ಅಷ್ಟು ನೀರನ್ನು ಇಳಿಸಿಕೊಳ್ಳಲು ದೊಡ್ಡ ಸಂಪು ಬೇಕು. ತಗಡಿನ ಶೆಡ್ಡಿನಲ್ಲಿ ವಾಸಿಸುವ ವಲಸೆ ಕೂಲಿಯವರಿಗೆ ಇರುವುದು ನಾಲ್ಕು ಬಿಂದಿಗೆಗಳು ಮಾತ್ರ. ನಮ್ಮ ಮನೆಗಳನ್ನು ಕಟ್ಟುವವರೂ ಗುಡಿಸುವವರೂ ಅವರೇ. ಸಂಪಿಲ್ಲದವರಿಗೆ ಆ ದರದಿಂದಾದ ಉಪಕಾರವೇನು?

ಹಾಗಾದರೆ ಕುಟುಂಬವೊಂದು ಮಾಡಬಹುದಾದದ್ದೇನು? ಆಪತ್ಕಾಲದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕೆಂಬುದು ಅಂತರರಾಷ್ಟ್ರೀಯ ಪರಿಹಾರ ಕಾರ್ಯದ ಅಳತೆ. ಐದು ಜನರ ಸಂಸಾರಕ್ಕೆ ಮೂರು ದಿನಗಳಿಗೆ 225 ಲೀಟರ್. ಮುಚ್ಚಳವಿರುವ ಎರಡು ದೊಡ್ಡ ಡ್ರಮ್ಮುಗಳಿದ್ದರೆ ನೆರೆಯವರಿಗೂ ಒಂದಿಷ್ಟು ಮಿಗುತ್ತದೆ. 1,200 ಚದರಡಿಯ ಮಾಳಿಗೆಯ ಮೇಲೆ ವರ್ಷಕ್ಕೆ 900 ಮಿಲಿಮೀಟರ್ ಮಳೆ ಬಿದ್ದರೂ ಸುಮಾರು ಒಂದು ಲಕ್ಷ ಲೀಟರ್ ನೀರಾಗುತ್ತದೆ. ಜನರೇಟರನ್ನೂ ವಿದ್ಯುತ್ ಫಲಕವನ್ನೂ ನೆಲಮಾಳಿಗೆಯಿಂದ ಮೇಲಕ್ಕೆ ಸಾಗಿಸುವುದು, ಮನೆಗೆ ನೀರು ನುಗ್ಗುವ ಮುನ್ನವೇ ಮೇನ್ ಸ್ವಿಚ್ ಆರಿಸುವುದು, ಟಾರ್ಚು, ಔಷಧಿ, ಕಾಗದಪತ್ರಗಳನ್ನು ಒಂದೇ ಚೀಲದಲ್ಲಿಡುವುದು ದೊಡ್ಡ ಖರ್ಚಿನ ಕೆಲಸಗಳೇನಲ್ಲ; ಜನರೇಟರಿನ ಸ್ಥಳಾಂತರಕ್ಕೆ ಮಾತ್ರ ಕಟ್ಟಡದವರೆಲ್ಲ ಕೂಡಬೇಕು. ಇವೆಲ್ಲವುಗಳ ಜೊತೆಗೆ ಒಂದು ಪಟ್ಟಿಯೂ ಇರಲಿ: ಲಿಫ್ಟ್ ನಿಂತರೆ ಇಳಿಯಲಾರದ ವೃದ್ಧರು ಯಾವ ಮಹಡಿಯಲ್ಲಿದ್ದಾರೆ? ಯಾರ ಇನ್ಸುಲಿನ್ ಫ್ರಿಜ್ಜಿನಲ್ಲಿದೆ? ಆಮ್ಲಜನಕದ ಯಂತ್ರವನ್ನು ಅವಲಂಬಿಸಿದವರು ಯಾರು? ಬೀದಿಯ ಕೊನೆಯ ಶೆಡ್ಡುಗಳಲ್ಲಿ ಎಷ್ಟು ಮಕ್ಕಳಿದ್ದಾರೆ? ಈ ಪಟ್ಟಿಗೆ ಹಣ ಬೇಡ, ಪರಿಚಯ ಬೇಕು. ಕಷ್ಟಕಾಲದಲ್ಲಿ ಪರಿಚಯ ಬೆಳೆಸಲು ಬಿಡುವಿರುವುದಿಲ್ಲ.

ಕನ್ನಡದಲ್ಲಿ ಉಕ್ಕಿ ಬರುವ ಪ್ರವಾಹಕ್ಕೂ ನೆರೆಯೆನ್ನುತ್ತೇವೆ, ಪಕ್ಕದ ಮನೆಗೂ ನೆರೆಯೆನ್ನುತ್ತೇವೆ. ಒಂದನ್ನು ತಡೆಯಲು ಎತ್ತಿದ ಗೋಡೆ ಇನ್ನೊಂದನ್ನೂ ಮರೆಮಾಡದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಈ ಮಳೆಗಾಲಕ್ಕೆ ಮುನ್ನ ಮನೆಮಂದಿಯೆಲ್ಲ ಕೂಡಿ ಕುಳಿತು ಬೇಕಾದ ಸಾಮಾನುಗಳನ್ನು ಲೆಕ್ಕಹಾಕುವಾಗ, ಎಷ್ಟು ಜನರಿಗಾಗಿ ಎಂಬುದನ್ನು ಮೊದಲು ನಿರ್ಧರಿಸೋಣ. ಆ ಸಂಖ್ಯೆ ಪಡಿತರ ಚೀಟಿಯಲ್ಲಿರುವ ಹೆಸರುಗಳಿಗಿಂತ ಒಂದೆರಡಾದರೂ ಹೆಚ್ಚಾಗಿರಲಿ.